ಸಮ ಚಿಹ್ನೆಯ ಎರಡು ಬದಿಯಲ್ಲಿ ಸಮ ಇರುವುದು ಏನು?

ಪ್ರಶ್ನೆ: ನಾನು ದ್ವಿತೀಯ ಪಿಯುಸಿ ವಿಜ್ಞಾನದ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಪ್ರಯೋಗಾಲಯದಲ್ಲಿ 0.05 ಮೋಲಾರ್ ಮೋರ್ಸ್ ಸಾಲ್ಟ್ ದ್ರಾವಣವನ್ನು 10 ಮಿ.ಲೀ. ತೆಗೆದುಕೊಂಡು ಬಣ್ಣ ನಿಲ್ಲುವವರೆಗೆ ಪೊಟ್ಯಾಸಿಯಂ ಪರ್ಮಾಂಗನೇಟ್ ಅನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಸೇರಿಸಿ ಟೈಟ್ರೇಷನ್ ಮಾಡಿದೆವು. ಬ್ಯೂರೆಟ್ ರೀಡಿಂಗ್ 10.2 ಮಿ.ಲೀ. ಬಂತು. ಎಂ1ವಿ1 = ಎಂ2ವಿ2 ಹಾಕಿದಾಗ ಪರ್ಮಾಂಗನೇಟ್‌ನ ಮೋಲಾರಿಟಿ ನನಗೆ 0.049 ಬಂತು, ಗೆಳತಿಗೆ 0.0098 ಬಂತು. ಗೆಳತಿಯದೇ ಸರಿ ಎಂದು ಲೆಕ್ಚರರ್ ಹೇಳಿದರು. ಇನ್ನೊಂದು ಪ್ರಶ್ನೆಯಲ್ಲಿ ಪರ್ಮಾಂಗನೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಕ್ರಿಯೆಯನ್ನು ಹೀಗೆ ಸರಿದೂಗಿಸಿದ್ದೆ: 2 ಪೊಟ್ಯಾಸಿಯಂ ಪರ್ಮಾಂಗನೇಟ್ + 1 ಹೈಡ್ರೋಜನ್ ಪೆರಾಕ್ಸೈಡ್ + 3 ಸಲ್ಫ್ಯೂರಿಕ್ ಆಮ್ಲ → 1 ಪೊಟ್ಯಾಸಿಯಂ ಸಲ್ಫೇಟ್ + 2 ಮ್ಯಾಂಗನೀಸ್ ಸಲ್ಫೇಟ್ + 4 ನೀರು + 3 ಆಕ್ಸಿಜನ್. ಪರಮಾಣುಗಳೆಲ್ಲ ಎರಡೂ ಕಡೆ ಸರಿಯಾಗಿವೆ, ಮೂರು ಸಲ ಎಣಿಸಿದ್ದೇನೆ. ಆದರೂ ಕೆಂಪು ಗೆರೆ ಎಳೆದಿದ್ದಾರೆ. ಮೋಲಾರಿಟಿ, ಮೋಲಾಲಿಟಿ, ನಾರ್ಮಾಲಿಟಿ ಎಲ್ಲದರ ಸೂತ್ರ ಬಾಯಿಗೆ ಬರುತ್ತದೆ, ಲೆಕ್ಕ ಮಾತ್ರ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆ ಓದಿ ನನಗೆ ಬಹಳ ಸಂತೋಷವಾಯಿತು. ನೀವು ಬರೆದ ಸಮೀಕರಣದಲ್ಲಿ ಪರಮಾಣುಗಳ ಎಣಿಕೆ ನಿಜಕ್ಕೂ ಸರಿಯಾಗಿದೆ. ಎಡಗಡೆ 22 ಆಕ್ಸಿಜನ್ ಪರಮಾಣು, ಬಲಗಡೆಯೂ 22. ಹೈಡ್ರೋಜನ್ ಎಂಟಕ್ಕೆ ಎಂಟು. ಆದರೂ ಸಮೀಕರಣ ತಪ್ಪು. ಅದು ಏಕೆ ತಪ್ಪು ಎಂಬುದು ಅರ್ಥವಾದರೆ ರೆಡಾಕ್ಸ್ (ಎಲೆಕ್ಟ್ರಾನ್ ಕೊಟ್ಟು ಕೊಳ್ಳುವ ಕ್ರಿಯೆಗಳ) ಅಧ್ಯಾಯದ ಮುಕ್ಕಾಲು ಪಾಲು ಅರ್ಥವಾದಂತೆ. ಅಲ್ಲಿಗೆ ಹೋಗುವ ಮೊದಲು ಟೈಟ್ರೇಷನ್ ಲೆಕ್ಕವನ್ನು ಮುಗಿಸೋಣ, ಎರಡರ ಬೇರೂ ಒಂದೇ.

ಯಾವುದೇ ಸೂತ್ರದಲ್ಲಿ ಸಮ ಚಿಹ್ನೆ ಕಂಡರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಯಾವುದು ಯಾವುದಕ್ಕೆ ಸಮ? ಎಂ1ವಿ1 ಎಂದರೆ ಮೋಲಾರಿಟಿಯನ್ನು (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್ ಇದೆ ಎಂಬುದನ್ನು; ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ದೊಡ್ಡ ಗುಂಪು, ಡಜನ್ ಇದ್ದಂತೆ) ಗಾತ್ರದಿಂದ ಗುಣಿಸಿದ್ದು, ಅಂದರೆ ದ್ರಾವ್ಯದ ಮೋಲ್‌ಗಳ ಸಂಖ್ಯೆ. ಹಾಗಾದರೆ ಎಂ1ವಿ1 = ಎಂ2ವಿ2 ಎಂಬುದು ಹೇಳುವುದು ಇಷ್ಟೇ: ಮೊದಲು ಎಷ್ಟು ಮೋಲ್ ಇತ್ತೋ ಆಮೇಲೂ ಅಷ್ಟೇ ಇದೆ. ಇದು ಯಾವಾಗ ನಿಜ? ದ್ರಾವಣಕ್ಕೆ ನೀರು ಬೆರೆಸಿ ತೆಳುವಾಗಿಸಿದಾಗ ನಿಜ. ನೀರು ಹೆಚ್ಚಾಯಿತು, ದ್ರಾವ್ಯ ಎಲ್ಲಿಗೂ ಹೋಗಲಿಲ್ಲ. ಟೈಟ್ರೇಷನ್‌ನಲ್ಲಿ ಎರಡು ಬೇರೆ ಬೇರೆ ಪದಾರ್ಥಗಳು ಕ್ರಿಯೆ ನಡೆಸುತ್ತಿವೆ. ಒಂದರ ಮೋಲ್ ಇನ್ನೊಂದರ ಮೋಲ್‌ಗೆ ಸಮ ಇರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಹೈಡ್ರೋಕ್ಲೋರಿಕ್ ಆಮ್ಲ ಮತ್ತು ಸೋಡಿಯಂ ಹೈಡ್ರಾಕ್ಸೈಡ್ ಒಂದಕ್ಕೊಂದು ಅನುಪಾತದಲ್ಲಿ ವರ್ತಿಸುವುದರಿಂದ ಅಲ್ಲಿ ಈ ಸೂತ್ರ ಆಕಸ್ಮಿಕವಾಗಿ ಸರಿಯುತ್ತರ ಕೊಡುತ್ತದೆ. ಆ ಆಕಸ್ಮಿಕವನ್ನೇ ನಿಯಮ ಎಂದು ನಂಬಿದವರು ಪರ್ಮಾಂಗನೇಟ್ ಎದುರಾದಾಗ ಎಡವುತ್ತಾರೆ.

ಮೋರ್ಸ್ ಸಾಲ್ಟ್‌ನಲ್ಲಿ ಕ್ರಿಯೆಗೆ ಬರುವುದು ಫೆರಸ್ ಅಯಾನು, ಅಂದರೆ +2 ಕಬ್ಬಿಣ. ಅಮೋನಿಯಂ, ಸಲ್ಫೇಟ್ ಎಲ್ಲ ಸುಮ್ಮನೆ ನೋಡುತ್ತ ಕೂರುತ್ತವೆ. ಒಂದು ಫೆರಸ್ ಅಯಾನು ಒಂದು ಎಲೆಕ್ಟ್ರಾನ್ ಕೊಟ್ಟು +3 ಫೆರಿಕ್ ಆಗುತ್ತದೆ. ಪರ್ಮಾಂಗನೇಟ್‌ನಲ್ಲಿ ಮ್ಯಾಂಗನೀಸ್‌ನ ಉತ್ಕರ್ಷಣ ಸಂಖ್ಯೆ (ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಂಡಿದೆ ಎಂದು ಹಿಡಿಯುವ ಲೆಕ್ಕ) +7. ಆಮ್ಲೀಯ ದ್ರಾವಣದಲ್ಲಿ ಅದು +2ಕ್ಕೆ ಇಳಿಯುತ್ತದೆ. ಇಳಿಯಲು ಐದು ಎಲೆಕ್ಟ್ರಾನ್ ಬೇಕು. ಐದನ್ನು ಕೊಡಲು ಐದು ಫೆರಸ್ ಅಯಾನು ಬರಬೇಕು. ಆದ್ದರಿಂದ ಅನುಪಾತ ಒಂದಕ್ಕೆ ಐದು:

1 ಪರ್ಮಾಂಗನೇಟ್ + 5 ಫೆರಸ್ + 8 ಹೈಡ್ರೋಜನ್ ಅಯಾನು → 1 ಮ್ಯಾಂಗನೀಸ್ (+2) + 5 ಫೆರಿಕ್ + 4 ನೀರು

ಈಗ ಲೆಕ್ಕ. ಮಿಲಿಲೀಟರನ್ನು ಲೀಟರಿಗೆ ಬದಲಾಯಿಸುತ್ತ ಸೊನ್ನೆಗಳಲ್ಲಿ ಕಳೆದುಹೋಗಬೇಡಿ. ಮಿಲಿಲೀಟರನ್ನು ಮೋಲಾರಿಟಿಯಿಂದ ಗುಣಿಸಿದರೆ ನೇರವಾಗಿ ಮಿಲಿಮೋಲ್ ಸಿಗುತ್ತದೆ. 10 ಮಿ.ಲೀ. × 0.05 = 0.5 ಮಿಲಿಮೋಲ್ ಫೆರಸ್. ಐದು ಫೆರಸ್‌ಗೆ ಒಂದು ಪರ್ಮಾಂಗನೇಟ್, ಹಾಗಾಗಿ 0.1 ಮಿಲಿಮೋಲ್ ಪರ್ಮಾಂಗನೇಟ್. ಅದು 10.2 ಮಿ.ಲೀ.ನಲ್ಲಿ ಇತ್ತು. 0.1 ÷ 10.2 = 0.0098 ಮೋಲಾರ್. ನಿಮ್ಮ 0.049ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸರಿಯಾಗಿ ಐದು ಪಟ್ಟು. ತಪ್ಪಿದ್ದು ಗುಣಾಕಾರವಲ್ಲ, ನಡುವೆ ಇರಬೇಕಾದ ಸಮೀಕರಣವನ್ನೇ ಕೈಬಿಟ್ಟಿದ್ದೀರಿ. ಅಂದ ಹಾಗೆ ಕ್ಯಾಲ್ಕುಲೇಟರ್ ತೋರಿಸುವ 0.00980392 ಅನ್ನು ಹಾಗೆಯೇ ಉತ್ತರ ಪತ್ರಿಕೆಗೆ ಇಳಿಸಬೇಡಿ. ಬ್ಯೂರೆಟ್‌ನಲ್ಲಿ ಓದಿದ್ದು 10.2, ಅದಕ್ಕೆ ಇಲ್ಲದ ನಿಖರತೆ ಉತ್ತರಕ್ಕೆ ಎಲ್ಲಿಂದ ಬರುತ್ತದೆ?

ನಾರ್ಮಾಲಿಟಿ (ಇಲ್ಲಿ, ಮೋಲಾರಿಟಿಯನ್ನು ಒಂದೊಂದು ಕಣ ಕೊಡುವ ಅಥವಾ ಕೊಳ್ಳುವ ಎಲೆಕ್ಟ್ರಾನ್ ಸಂಖ್ಯೆಯಿಂದ ಗುಣಿಸಿದ್ದು) ಹಾಕಿ ಎನ್1ವಿ1 = ಎನ್2ವಿ2 ಮಾಡಿದರೆ ಇದೇ ಉತ್ತರ ಬೇಗ ಬರುತ್ತದೆ ಎಂದು ಟ್ಯೂಷನ್‌ನಲ್ಲಿ ಹೇಳಿರಬಹುದು. ಬರುತ್ತದೆ, ಸುಳ್ಳಲ್ಲ. ಅಲ್ಲಿ ಸಮ ಇರುವುದು ಎಲೆಕ್ಟ್ರಾನ್‌ಗಳ ಲೆಕ್ಕ: ಒಂದು ಕಡೆ ಕೊಟ್ಟ ಎಲೆಕ್ಟ್ರಾನ್, ಇನ್ನೊಂದು ಕಡೆ ತೆಗೆದುಕೊಂಡ ಎಲೆಕ್ಟ್ರಾನ್. ಪರ್ಮಾಂಗನೇಟ್‌ನ ನಾರ್ಮಾಲಿಟಿ ಅದರ ಮೋಲಾರಿಟಿಯ ಐದು ಪಟ್ಟು ಎನ್ನುವಾಗ ಆ ಐದು ಬಂದದ್ದು ಮೇಲೆ ನಾವು ಎಣಿಸಿದ ಐದು ಎಲೆಕ್ಟ್ರಾನ್‌ಗಳಿಂದಲೇ. ಆದರೆ ಆ ಐದು ಪರ್ಮಾಂಗನೇಟ್‌ನ ಹಣೆಬರಹವಲ್ಲ. ತಟಸ್ಥ ದ್ರಾವಣದಲ್ಲಿ ಮ್ಯಾಂಗನೀಸ್ +4ರಲ್ಲಿ ನಿಂತು ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡ್ ಆಗುತ್ತದೆ, ಅಲ್ಲಿ ಮೂರು. ತೀವ್ರ ಕ್ಷಾರೀಯ ದ್ರಾವಣದಲ್ಲಿ +6ರಲ್ಲಿ ನಿಂತು ಹಸಿರು ಮ್ಯಾಂಗನೇಟ್ ಆಗುತ್ತದೆ, ಅಲ್ಲಿ ಒಂದು. ಅಂದರೆ ಒಂದೇ ಬಾಟಲಿಯ ದ್ರಾವಣಕ್ಕೆ ಮೂರು ನಾರ್ಮಾಲಿಟಿ. ಈ ಕಾರಣಕ್ಕೇ ನಾನು ನಾರ್ಮಾಲಿಟಿಯನ್ನು ಮೊದಲು ಕಲಿಸುವುದರ ಕಟ್ಟಾ ವಿರೋಧಿ. ಎಲೆಕ್ಟ್ರಾನ್ ಎಣಿಸಲು ಬಂದವರಿಗೆ ಅದು ಹತ್ತಿರದ ದಾರಿ, ಬಾರದವರಿಗೆ ಹಳ್ಳ. ಸಿಇಟಿಯಲ್ಲಿ ಸಮಯ ಉಳಿಸಲು ಬಳಸಿ, ಅಭ್ಯಾಸದ ಪುಸ್ತಕದಲ್ಲಿ ಬೇಡ.

ಇನ್ನು ಪೆರಾಕ್ಸೈಡ್‌ಗೆ ಬರೋಣ.

ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಆಕ್ಸಿಜನ್‌ನ ಉತ್ಕರ್ಷಣ ಸಂಖ್ಯೆ −1. ಅದು ಆಕ್ಸಿಜನ್ ಅನಿಲವಾದಾಗ ಸೊನ್ನೆ. ಒಂದು ಅಣುವಿನಲ್ಲಿ ಎರಡು ಆಕ್ಸಿಜನ್ ಪರಮಾಣು ಇರುವುದರಿಂದ ಒಂದು ಪೆರಾಕ್ಸೈಡ್ ಕೊಡಬಲ್ಲದ್ದು ಎರಡೇ ಎಲೆಕ್ಟ್ರಾನ್. ನಿಮ್ಮ ಸಮೀಕರಣದಲ್ಲಿ ಎರಡು ಪರ್ಮಾಂಗನೇಟ್ ಇವೆ, ಅವುಗಳಿಗೆ ಹತ್ತು ಎಲೆಕ್ಟ್ರಾನ್ ಬೇಕು. ಕೊಡಲು ಇರುವುದು ಒಂದೇ ಪೆರಾಕ್ಸೈಡ್. ಎರಡು ಎಲೆಕ್ಟ್ರಾನ್ ಅದರದ್ದಾಯಿತು, ಉಳಿದ ಎಂಟು ಎಲ್ಲಿಂದ ಬಂದವು?

ಬಲಗಡೆ ನೋಡಿ. ಮೂರು ಆಕ್ಸಿಜನ್ ಅಣು, ಅಂದರೆ ಆರು ಪರಮಾಣು ಹೊರಬಂದಿವೆ. ಪೆರಾಕ್ಸೈಡ್‌ನಿಂದ ಬರಬಹುದಾದದ್ದು ಎರಡು. ಮಿಕ್ಕ ನಾಲ್ಕು ಪರಮಾಣುಗಳನ್ನು ನಿಮ್ಮ ಸಮೀಕರಣ ನಿಮಗೇ ತಿಳಿಯದಂತೆ ಪರ್ಮಾಂಗನೇಟ್‌ನಿಂದಲೋ ಆಮ್ಲದಿಂದಲೋ ಎತ್ತಿಕೊಂಡಿದೆ. ಅವು −2ರಲ್ಲಿ ಇದ್ದವು, ಸೊನ್ನೆಗೆ ಏರಿದವು. ನಾಲ್ಕು ಪರಮಾಣು, ತಲಾ ಎರಡು ಎಲೆಕ್ಟ್ರಾನ್, ಒಟ್ಟು ಎಂಟು. ಕಾಗದದ ಮೇಲೆ ಲೆಕ್ಕ ಸರಿಯಾಯಿತು. ಫ್ಲಾಸ್ಕ್‌ನೊಳಗೆ ಹಾಗೆ ನಡೆಯುವುದಿಲ್ಲ. ಭಾರವಾದ ಆಕ್ಸಿಜನ್ ಐಸೊಟೋಪಿನಿಂದ ಗುರುತು ಮಾಡಿ ನಡೆಸಿದ ಪ್ರಯೋಗಗಳು ತೋರಿಸಿರುವುದೂ ಅದನ್ನೇ: ಹೊರಬರುವ ಆಕ್ಸಿಜನ್ ಅನಿಲ ಪೆರಾಕ್ಸೈಡ್‌ನದ್ದು.

ಇನ್ನೂ ಒಂದು ಸ್ವಾರಸ್ಯವಿದೆ. ಈ ಕ್ರಿಯೆಯಲ್ಲಿ ಪರಮಾಣುಗಳನ್ನು ಸರಿದೂಗಿಸುವ ಬಗೆ ಒಂದಲ್ಲ, ಎಣಿಕೆಗೆ ಸಿಗದಷ್ಟು. ಎರಡು ಪರ್ಮಾಂಗನೇಟ್‌ಗೆ 1 ಪೆರಾಕ್ಸೈಡ್ ಹಾಕಿದರೆ 3 ಆಕ್ಸಿಜನ್, 4 ನೀರು. 3 ಹಾಕಿದರೆ 4 ಆಕ್ಸಿಜನ್, 6 ನೀರು. 5 ಹಾಕಿದರೆ 5 ಆಕ್ಸಿಜನ್, 8 ನೀರು. 7 ಹಾಕಿದರೆ 6 ಆಕ್ಸಿಜನ್, 10 ನೀರು. ಎಲ್ಲವೂ ಪರಮಾಣು ಲೆಕ್ಕದಲ್ಲಿ ಸರಿ, ಬೇಕಾದರೆ ಕೂಡಿ ನೋಡಿ. ಇದಕ್ಕೆ ಕಾರಣ ಪೆರಾಕ್ಸೈಡ್ ಯಾರ ಸಹಾಯವೂ ಇಲ್ಲದೆ ತಾನೇ ಒಡೆಯಬಲ್ಲದು: ಎರಡು ಪೆರಾಕ್ಸೈಡ್ ಒಡೆದರೆ ಎರಡು ನೀರು, ಒಂದು ಆಕ್ಸಿಜನ್. ಈ ಪುಟ್ಟ ಸಮೀಕರಣವನ್ನು ಮುಖ್ಯ ಸಮೀಕರಣಕ್ಕೆ ಎಷ್ಟು ಸಲ ಕೂಡಿಸಿದರೂ, ಎಷ್ಟು ಸಲ ಕಳೆದರೂ ಪರಮಾಣುಗಳ ತಕ್ಕಡಿ ಅಲುಗಾಡುವುದಿಲ್ಲ. ನೀವು ಬರೆದದ್ದು ನಿಜವಾದ ಕ್ರಿಯೆಯಿಂದ ಅದನ್ನು ಎರಡು ಸಲ ಕಳೆದ ರೂಪ. ವಿದ್ಯುದಾವೇಶವೂ ಎರಡೂ ಕಡೆ ಸರಿಯಾಗಿಯೇ ಇರುತ್ತದೆ, ಹಾಗಾಗಿ ಆ ಪರೀಕ್ಷೆಯೂ ನಿಮ್ಮನ್ನು ಕಾಪಾಡುತ್ತಿರಲಿಲ್ಲ. ಕಾಪಾಡುವುದು ಎಲೆಕ್ಟ್ರಾನ್ ಎಣಿಕೆ ಮಾತ್ರ.

ಆದ್ದರಿಂದ ರೆಡಾಕ್ಸ್ ಸಮೀಕರಣವನ್ನು ಕಣ್ಣಂದಾಜಿನಲ್ಲಿ ಸರಿದೂಗಿಸಲು ಹೋಗಬೇಡಿ. ಅರ್ಧ ಕ್ರಿಯೆಗಳಾಗಿ ಒಡೆಯಿರಿ: ಎಲೆಕ್ಟ್ರಾನ್ ಕೊಳ್ಳುವ ಅರ್ಧ ಅಪಕರ್ಷಣ, ಕೊಡುವ ಅರ್ಧ ಉತ್ಕರ್ಷಣ.

ಅಪಕರ್ಷಣ: ಪರ್ಮಾಂಗನೇಟ್ + 8 ಹೈಡ್ರೋಜನ್ ಅಯಾನು + 5 ಎಲೆಕ್ಟ್ರಾನ್ → ಮ್ಯಾಂಗನೀಸ್ (+2) + 4 ನೀರು

ಉತ್ಕರ್ಷಣ: ಪೆರಾಕ್ಸೈಡ್ → ಆಕ್ಸಿಜನ್ + 2 ಹೈಡ್ರೋಜನ್ ಅಯಾನು + 2 ಎಲೆಕ್ಟ್ರಾನ್

ಮೊದಲನೆಯದರಲ್ಲಿ ಎಂಟು ಹೈಡ್ರೋಜನ್ ಅಯಾನು ಎಲ್ಲಿಂದ ಬಂತು ಎಂದರೆ, ಪರ್ಮಾಂಗನೇಟ್‌ನ ನಾಲ್ಕು ಆಕ್ಸಿಜನ್ ನಾಲ್ಕು ನೀರಾಗಿ ಹೊರಬೀಳಬೇಕು, ಅದಕ್ಕೆ ಎಂಟು ಹೈಡ್ರೋಜನ್ ಬೇಕು. ಐದು ಮತ್ತು ಎರಡರ ಲ.ಸಾ.ಅ. ಹತ್ತು. ಮೊದಲನೆಯದನ್ನು ಎರಡರಿಂದ, ಎರಡನೆಯದನ್ನು ಐದರಿಂದ ಗುಣಿಸಿ ಕೂಡಿಸಿ. ಹದಿನಾರು ಹೈಡ್ರೋಜನ್ ಅಯಾನುಗಳಲ್ಲಿ ಹತ್ತು ಬಲಗಡೆಯ ಹತ್ತರೊಂದಿಗೆ ಹೊಡೆದುಹೋಗಿ ಆರು ಉಳಿಯುತ್ತವೆ:

2 ಪರ್ಮಾಂಗನೇಟ್ + 5 ಪೆರಾಕ್ಸೈಡ್ + 6 ಹೈಡ್ರೋಜನ್ ಅಯಾನು → 2 ಮ್ಯಾಂಗನೀಸ್ (+2) + 5 ಆಕ್ಸಿಜನ್ + 8 ನೀರು

ಆವೇಶ ನೋಡಿ: ಎಡಗಡೆ −2 ಮತ್ತು +6, ಒಟ್ಟು +4. ಬಲಗಡೆ +4.

ಅನುಪಾತ ತಪ್ಪಾದರೆ ಏನು ಮಹಾ ಎನ್ನಿಸಬಹುದು. ಔಷಧಿ ಅಂಗಡಿಯ ಪೆರಾಕ್ಸೈಡ್ ಬಾಟಲಿಯೊಂದರ ಲೇಬಲ್ ಮೇಲೆ ಶೇ 6, 20 ವಾಲ್ಯೂಮ್ ಎಂದಿದೆ ಎಂದುಕೊಳ್ಳಿ. ಶೇ 6 ಎಂದರೆ ಲೀಟರಿಗೆ 60 ಗ್ರಾಂ, ಮೋಲಾರ್ ರಾಶಿ 34, ಸುಮಾರು 1.76 ಮೋಲಾರ್. 20 ವಾಲ್ಯೂಮ್ ಎಂದರೆ ಒಂದು ಮಿ.ಲೀ. ದ್ರಾವಣ ಪೂರ್ತಿ ಒಡೆದರೆ, 0 ಡಿಗ್ರಿ ಸೆಲ್ಸಿಯಸ್ ಮತ್ತು 1 ಅಟ್ಮಾಸ್ಫಿಯರ್ ಒತ್ತಡದಲ್ಲಿ ಅಳೆದಂತೆ, 20 ಮಿ.ಲೀ. ಆಕ್ಸಿಜನ್. ಎರಡು ಪೆರಾಕ್ಸೈಡ್‌ಗೆ ಒಂದು ಆಕ್ಸಿಜನ್ ಆದ್ದರಿಂದ ಮೋಲಾರಿಟಿಯನ್ನು 22.4ರ ಅರ್ಧದಿಂದ, ಅಂದರೆ 11.2ರಿಂದ ಗುಣಿಸಿದರೆ ವಾಲ್ಯೂಮ್ ಸಿಗುತ್ತದೆ. 1.76 × 11.2 ಸುಮಾರು 20. ಆ ‘11.2’ ಅನ್ನು ಎಷ್ಟೋ ಮಂದಿ ಮಂತ್ರದಂತೆ ಉರುಹೊಡೆಯುತ್ತಾರೆ. ಅದರೊಳಗೆ ಇರುವುದು ಇಷ್ಟೇ.

ಆ ಬಾಟಲಿಯಿಂದ 10 ಮಿ.ಲೀ. ತೆಗೆದು 250 ಮಿ.ಲೀ.ಗೆ ಏರಿಸಿ, ಅದರಲ್ಲಿ 10 ಮಿ.ಲೀ. ಪಿಪೆಟ್ ಮಾಡಿ, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಿ 0.02 ಮೋಲಾರ್ ಪರ್ಮಾಂಗನೇಟ್‌ನಿಂದ ಟೈಟ್ರೇಟ್ ಮಾಡಿದರೆ ಸುಮಾರು 14.1 ಮಿ.ಲೀ. ಹಿಡಿಯುತ್ತದೆ. ಅದೇ 14.1 ಅನ್ನು ನಿಮ್ಮ ಸಮೀಕರಣದ ಎರಡಕ್ಕೆ ಒಂದು ಅನುಪಾತದಲ್ಲಿ ಹಿಂದಕ್ಕೆ ಲೆಕ್ಕ ಹಾಕಿದರೆ ಬಾಟಲಿಯಲ್ಲಿ ಇರುವುದು ಶೇ 1.2 ಎಂದು ಬರುತ್ತದೆ. ಸುಮ್ಮನೆ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಕಾಗುತ್ತದೆ.

ಪ್ರಯೋಗದ ಬಗ್ಗೆಯೂ ನಾಲ್ಕು ಮಾತು, ಏಕೆಂದರೆ ಮೌಖಿಕ ಪರೀಕ್ಷೆಯಲ್ಲಿ ಕೇಳುವುದು ಇದನ್ನೇ, ಮತ್ತು ಈ ‘ಏಕೆ’ಗಳೆಲ್ಲ ಮೇಲಿನ ಎಲೆಕ್ಟ್ರಾನ್ ಲೆಕ್ಕಕ್ಕೇ ಸೇರಿದವು. ಆಮ್ಲ ಸಲ್ಫ್ಯೂರಿಕ್ ಆಗಿರಬೇಕು. ಹೈಡ್ರೋಕ್ಲೋರಿಕ್ ಹಾಕಿದರೆ ಅದರ ಕ್ಲೋರೈಡ್ ಕೂಡ ಪರ್ಮಾಂಗನೇಟ್‌ಗೆ ಎಲೆಕ್ಟ್ರಾನ್ ಕೊಟ್ಟು ಕ್ಲೋರಿನ್ ಆಗುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ. ನೈಟ್ರಿಕ್ ಹಾಕಿದರೆ ಅದು ತಾನೇ ಉತ್ಕರ್ಷಣಕಾರಿ, ಫೆರಸ್‌ನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳಬಹುದು, ರೀಡಿಂಗ್ ಕಡಿಮೆಯಾಗುತ್ತದೆ. ಫ್ಲಾಸ್ಕ್‌ನಲ್ಲಿ ಕಂದು ಮಬ್ಬು ಕಂಡರೆ ಆಮ್ಲ ಸಾಲದು ಎಂದು ಅರ್ಥ: ಮ್ಯಾಂಗನೀಸ್ +2ರವರೆಗೆ ಇಳಿಯದೆ +4ರಲ್ಲೇ ನಿಂತಿದೆ, ನಿಮ್ಮ ‘ಐದು’ ಕೆಟ್ಟಿದೆ. ಆ ರೀಡಿಂಗ್ ಬಿಟ್ಟು ಮತ್ತೆ ಮಾಡಿ. ಮೋರ್ಸ್ ಸಾಲ್ಟನ್ನು ಬಿಸಿ ಮಾಡಬಾರದು, ಗಾಳಿಯ ಆಕ್ಸಿಜನ್ನೇ ಫೆರಸ್ ಅನ್ನು ಫೆರಿಕ್ ಮಾಡಿಬಿಡುತ್ತದೆ. ಆಕ್ಸಾಲಿಕ್ ಆಮ್ಲವಾದರೆ 60–70 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿ ಮಾಡಲೇಬೇಕು. ಬಿಸಿ ಮಾಡಿದರೂ ಮೊದಲ ಹನಿಗಳ ನೇರಳೆ ಬಣ್ಣ ಹೋಗಲು ಹೊತ್ತು ಹಿಡಿಯುತ್ತದೆ. ಆಮೇಲೆ ಹಾಕಿದ ಹನಿ ಬಿದ್ದ ಕೂಡಲೇ ಮಾಯ. ಕ್ರಿಯೆಯಲ್ಲಿ ಹುಟ್ಟುವ +2 ಮ್ಯಾಂಗನೀಸ್ ಅಯಾನೇ ಕ್ರಿಯೆಗೆ ವೇಗ ಕೊಡುವುದರಿಂದ ಹೀಗೆ. ಮೊದಲ ಹನಿಯ ಬಣ್ಣ ನಿಂತದ್ದನ್ನು ನೋಡಿ ಎಂಡ್ ಪಾಯಿಂಟ್ (ಕ್ರಿಯೆ ಮುಗಿದ ಗುರುತು) ಬಂತೆಂದು ಬರೆದವರುಂಟು. ಇನ್ನು ಪರ್ಮಾಂಗನೇಟ್‌ನ ಗಾಢ ಬಣ್ಣದಲ್ಲಿ ಕೆಳಗಿನ ಬಾಗು ಕಾಣಿಸುವುದಿಲ್ಲ, ಬ್ಯೂರೆಟ್‌ನಲ್ಲಿ ಮೇಲಿನ ಅಂಚನ್ನೇ ಓದಿ, ಆರಂಭಕ್ಕೂ ಕೊನೆಗೂ ಒಂದೇ ರೀತಿ.

ಮೋಲಾರಿಟಿ, ಮೋಲಾಲಿಟಿಗೆ ಬಂದರೆ, ಅಲ್ಲಿಯೂ ಕೇಳಬೇಕಾದ್ದು ಒಂದೇ: ಯಾವುದರಿಂದ ಭಾಗಿಸುತ್ತಿದ್ದೇನೆ? ಮೋಲಾರಿಟಿಯಲ್ಲಿ ಇಡೀ ದ್ರಾವಣದ ಗಾತ್ರದಿಂದ, ಲೀಟರ್‌ನಲ್ಲಿ. ಮೋಲಾಲಿಟಿಯಲ್ಲಿ ದ್ರಾವಕದ ರಾಶಿಯಿಂದ ಮಾತ್ರ, ಕಿಲೋಗ್ರಾಂನಲ್ಲಿ. ತೆಳು ದ್ರಾವಣಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಬರುವುದರಿಂದ ವ್ಯತ್ಯಾಸ ಮನಸ್ಸಿಗೆ ಇಳಿಯುವುದಿಲ್ಲ. ಪ್ರಬಲ ಸಲ್ಫ್ಯೂರಿಕ್ ಆಮ್ಲ ತೆಗೆದುಕೊಳ್ಳಿ: ತೂಕದಲ್ಲಿ ಶೇ 98, ಸಾಂದ್ರತೆ ಮಿ.ಲೀ.ಗೆ 1.84 ಗ್ರಾಂ. ಒಂದು ಲೀಟರಿನ ತೂಕ 1840 ಗ್ರಾಂ, ಅದರಲ್ಲಿ ಆಮ್ಲ ಸುಮಾರು 1803 ಗ್ರಾಂ, ಮೋಲಾರ್ ರಾಶಿ 98ರಿಂದ ಭಾಗಿಸಿದರೆ 18.4 ಮೋಲಾರ್. ಅದೇ ಆಮ್ಲದ 100 ಗ್ರಾಂನಲ್ಲಿ ಆಮ್ಲ 98 ಗ್ರಾಂ, ಅಂದರೆ 1 ಮೋಲ್. ನೀರು ಬರಿಯ 2 ಗ್ರಾಂ, ಅಂದರೆ 0.002 ಕಿಲೋಗ್ರಾಂ. ಮೋಲಾಲಿಟಿ 500! ಒಂದೇ ಬಾಟಲಿ, ಒಂದು ಅಳತೆಯಲ್ಲಿ 18.4, ಇನ್ನೊಂದರಲ್ಲಿ 500. ಇದನ್ನು ಒಮ್ಮೆ ಕೈಯಾರೆ ಬಿಡಿಸಿದವರು ಎರಡನ್ನೂ ಮತ್ತೆ ಕಲಸಿಕೊಳ್ಳುವುದಿಲ್ಲ.

ಗಾತ್ರಗಳನ್ನು ಕೂಡುವಾಗಲೂ ಎಚ್ಚರ. 50 ಮಿ.ಲೀ. ನೀರಿಗೆ 50 ಮಿ.ಲೀ. ಎಥನಾಲ್ ಬೆರೆಸಿದರೆ 100 ಆಗುವುದಿಲ್ಲ, 96–97 ಮಿ.ಲೀ. ಆಗುತ್ತದೆ. ರಾಶಿ ಮಾತ್ರ ಎಂದೂ ಮೋಸ ಮಾಡದೆ ಕೂಡಿಬರುತ್ತದೆ. ಆದ್ದರಿಂದಲೇ 250 ಮಿ.ಲೀ. ದ್ರಾವಣ ತಯಾರಿಸಿ ಎಂದರೆ 250 ಮಿ.ಲೀ. ನೀರು ಸುರಿಯುವುದಲ್ಲ, ಸ್ವಲ್ಪ ನೀರಿನಲ್ಲಿ ಕರಗಿಸಿ ಆಮೇಲೆ ಗುರುತಿನವರೆಗೆ ತುಂಬುವುದು. ನೀವು ಬಳಸಿದ 0.05 ಮೋಲಾರ್ ಮೋರ್ಸ್ ಸಾಲ್ಟ್ 250 ಮಿ.ಲೀ. ಬೇಕಾದರೆ 12.5 ಮಿಲಿಮೋಲ್ ಬೇಕು. ಮೋಲಾರ್ ರಾಶಿ 392, ತೂಗಬೇಕಾದ್ದು 4.9 ಗ್ರಾಂ. ಹರಳಿನೊಳಗಿನ ಆರು ನೀರಿನ ಅಣುಗಳನ್ನು ಮರೆತು 284 ಎಂದು ಹಿಡಿದರೆ 3.55 ಗ್ರಾಂ ತೂಗುತ್ತೀರಿ, ದ್ರಾವಣ ಕಾಲು ಭಾಗಕ್ಕಿಂತ ಹೆಚ್ಚು ತೆಳ್ಳಗಾಗುತ್ತದೆ.

ಲಿಮಿಟಿಂಗ್ ರಿಏಜೆಂಟ್, ಅಂದರೆ ಮೊದಲು ಮುಗಿದು ಕ್ರಿಯೆಯನ್ನು ನಿಲ್ಲಿಸುವ ಪದಾರ್ಥದ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಲೆಕ್ಕ. 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ 1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 100 ಮಿ.ಲೀ. ಹಾಕಿದರೆ, ಎರಡೂ 0.1 ಮೋಲ್. ಎರಡೂ ಒಟ್ಟಿಗೆ ಮುಗಿಯುತ್ತವೆ ಎಂದುಕೊಂಡರೆ ಹಳೆಯ ತಪ್ಪೇ. ಒಂದು ಕಾರ್ಬೊನೇಟ್‌ಗೆ ಎರಡು ಆಮ್ಲ ಬೇಕು. ಆಮ್ಲ ಮೊದಲು ಮುಗಿಯುತ್ತದೆ, 5 ಗ್ರಾಂ ಕಾರ್ಬೊನೇಟ್ ತಳದಲ್ಲಿ ಉಳಿಯುತ್ತದೆ, ಬರುವ ಕಾರ್ಬನ್ ಡೈಆಕ್ಸೈಡ್ 2.2 ಗ್ರಾಂ.

ಕೊನೆಗೆ ನೀವೇ ಬಿಡಿಸಲು ಒಂದು. 0.63 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳನ್ನು (ಅಣುವಿಗೆ ಎರಡು ನೀರು ಸೇರಿ ಮೋಲಾರ್ ರಾಶಿ 126, ನೀರಿಲ್ಲದೆ 90) ಕರಗಿಸಿ 100 ಮಿ.ಲೀ. ದ್ರಾವಣ ಮಾಡಿದೆ. ಅದರ 10 ಮಿ.ಲೀ.ಗೆ 0.02 ಮೋಲಾರ್ ಪರ್ಮಾಂಗನೇಟ್ ಎಷ್ಟು ಬೇಕು? ಆಕ್ಸಲೇಟ್‌ನಲ್ಲಿ ಕಾರ್ಬನ್ +3, ಕಾರ್ಬನ್ ಡೈಆಕ್ಸೈಡ್‌ನಲ್ಲಿ +4, ಒಂದು ಆಕ್ಸಲೇಟ್‌ನಲ್ಲಿ ಎರಡು ಕಾರ್ಬನ್. ಉತ್ತರ 10 ಮಿ.ಲೀ. ಬಂದರೆ ಸರಿ. 14 ಬಂದರೆ ಹರಳಿನ ನೀರು ಮರೆತಿದ್ದೀರಿ. 25 ಬಂದರೆ ಮತ್ತೆ ಎಂ1ವಿ1 ಹಾಕಿದ್ದೀರಿ. 62.5 ಬಂದರೆ ಎರಡಕ್ಕೆ ಐದು ಎಂಬ ಅನುಪಾತವನ್ನು ತಲೆಕೆಳಗು ಹಿಡಿದಿದ್ದೀರಿ, 50 ಮಿ.ಲೀ. ಬ್ಯೂರೆಟ್‌ನಲ್ಲಿ ಅಷ್ಟು ಹಿಡಿಯುವುದೂ ಇಲ್ಲ.